ಸರಿಯಾದ ಲಿಂಕ್ ಕೈಯಲ್ಲೇ ಇತ್ತು: 2016ರ ಒಂದು ಫಿಶಿಂಗ್ ಪ್ರಕರಣ

2016ರ ಮಾರ್ಚ್ 19, ಶನಿವಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗಿನ ಜಾವ 4 ಗಂಟೆ 34 ನಿಮಿಷ. ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಒಂದು ಮೇಲ್ ಬಂತು. ಅವರು ಆಗ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷರು. ಹಿಂದೆ ಶ್ವೇತಭವನದಲ್ಲಿ ದೊಡ್ಡ ಹುದ್ದೆಗಳಲ್ಲಿ ಇದ್ದವರು.

ಮೇಲ್‌ನ ತಲೆಬರಹ, ನಿಮ್ಮ ಪಾಸ್‌ವರ್ಡ್ ಬೇರೆಯವರ ಬಳಿ ಇದೆ ಅಂತ. ಒಳಗೆ ‘ಹಾಯ್ ಜಾನ್’ ಎಂದು ಶುರುವಾಗುತ್ತದೆ. ಯಾರೋ ಈಗಷ್ಟೇ ನಿಮ್ಮ ಪಾಸ್‌ವರ್ಡ್ ಬಳಸಿ ನಿಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಲು ನೋಡಿದ್ದಾರೆ ಎಂದು ಹೇಳುತ್ತದೆ. ಕೆಳಗೆ ವಿವರ: ದಿನ, ಸೆಕೆಂಡಿನವರೆಗೆ ಸಮಯ, ಒಂದು ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರಿನ ಗುರುತಿನ ಸಂಖ್ಯೆ), ಸ್ಥಳ ಉಕ್ರೇನ್. ಆಮೇಲೆ ಒಂದು ಸಮಾಧಾನದ ಮಾತು, ಈ ಪ್ರಯತ್ನವನ್ನು ಗೂಗಲ್ ತಡೆದಿದೆ ಎಂದು. ನೀವು ಕೂಡಲೇ ಪಾಸ್‌ವರ್ಡ್ ಬದಲಿಸಬೇಕು. ಅದಕ್ಕೊಂದು ಬಟನ್, ‘ಪಾಸ್‌ವರ್ಡ್ ಬದಲಿಸಿ’. ಕೊನೆಯಲ್ಲಿ ಜಿಮೇಲ್ ತಂಡದ ಹೆಸರು.

ಮೇಲ್ ಅಂದರೆ ಇಷ್ಟೇ, ಕೆಲವೇ ಸಾಲು. ಇದರಿಂದ ಎರಡೇ ದಿನದಲ್ಲಿ 50,000ಕ್ಕೂ ಹೆಚ್ಚು ಮೇಲ್‌ಗಳು ಕಳುವಾದವು.

ಅಸಲಿಯಂತೆ ಕಾಣುವ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವ ಮೋಸಕ್ಕೆ ಫಿಶಿಂಗ್ ಅನ್ನುತ್ತಾರೆ. ಅದರ ಬಗ್ಗೆ ಮಾತು ಬಂದಾಗಲೆಲ್ಲ ನಾನು ಈ ಪ್ರಕರಣಕ್ಕೇ ಬರುತ್ತೇನೆ. ಇದರ ಒಂದೊಂದು ಹೆಜ್ಜೆಯೂ ದಾಖಲೆಯಲ್ಲಿದೆ. ಕದ್ದ ಮೇಲ್‌ಗಳು ಮುಂದೆ, ಗುಟ್ಟಿನ ದಾಖಲೆಗಳನ್ನು ಹೊರಹಾಕುವ ಸೈಟಾದ ವಿಕಿಲೀಕ್ಸ್‌ನಲ್ಲಿ ಹೊರಬಂದವು. ಆ ರಾಶಿಯಲ್ಲಿ ಈ ಮೋಸದ ಮೇಲ್ ಕೂಡ ಇತ್ತು. ಅದನ್ನು ನೋಡಿ ಸಿಬ್ಬಂದಿ ಒಬ್ಬರಿಗೊಬ್ಬರು ಬರೆದದ್ದೂ ಇತ್ತು. ಮೋಸ ಹೋದ ಬೆಳಗ್ಗೆ ಯಾರು ಏನು ಕೇಳಿದರು, ಯಾರು ಏನು ಉತ್ತರ ಕೊಟ್ಟರು ಅಂತ ಹೀಗೆ ಸಾಲುಸಾಲಾಗಿ ಓದಲು ಸಿಗುವುದು ಬಹಳ ಅಪರೂಪ.

ಇನ್ನೊಂದು ಕಾರಣವೂ ಇದೆ. ಮೋಸ ಹೋದವರನ್ನು ಕಂಡರೆ ಜನ ಎರಡೇ ಮಾತು ಆಡುತ್ತಾರೆ. ಒಂದು, ದುರಾಸೆ. ಇನ್ನೊಂದು, ದಡ್ಡತನ. ಇಲ್ಲಿ ಎರಡೂ ಇರಲಿಲ್ಲ. ಲಾಟರಿ ಇಲ್ಲ, ಬಹುಮಾನ ಇಲ್ಲ. ಖಾತೆ ಸುರಕ್ಷಿತವಾಗಿರಲಿ ಅನ್ನುವ ಕಾಳಜಿಯನ್ನೇ ಗಾಳಕ್ಕೆ ಸಿಕ್ಕಿಸಿದ್ದರು. ಎಚ್ಚರಿಕೆ ಜಾಸ್ತಿ ಇದ್ದವರೇ ಬೇಗ ಒತ್ತುವಂಥ ಬಟನ್ ಅದು.

ಮೇಲ್‌ನಲ್ಲಿ ತಪ್ಪು ಹುಡುಕಿದರೆ ಏನು ಸಿಗುತ್ತಿತ್ತು?

ಕಾಗುಣಿತದ ತಪ್ಪು ನೋಡಿ, ಕಳಿಸಿದವರ ವಿಳಾಸ ನೋಡಿ, ನಿಮ್ಮ ಹೆಸರು ಹಾಕದೆ ‘ಪ್ರಿಯ ಗ್ರಾಹಕರೇ’ ಅಂದಿದ್ದಾರಾ ನೋಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಈ ಮೇಲ್ ಮೇಲೆ ಆ ಮೂರನ್ನೂ ಪ್ರಯೋಗಿಸಿ ನೋಡೋಣ.

ಕಣ್ಣಿಗೆ ಹೊಡೆಯುವ ಕಾಗುಣಿತದ ತಪ್ಪು ಇರಲಿಲ್ಲ. ಹೆಸರು ಸರಿಯಾಗಿಯೇ ಇತ್ತು. ಕಳಿಸಿದವರ ಜಾಗದಲ್ಲಿ ಗೂಗಲ್ ಎಂಬ ಹೆಸರು, ಪಕ್ಕದಲ್ಲಿ ಗೂಗಲ್‌ಮೇಲ್ ಡಾಟ್ ಕಾಮ್‌ನಿಂದ ಬಂದಂತೆ ಕಾಣುವ ವಿಳಾಸ. ಗೂಗಲ್‌ಮೇಲ್ ಡಾಟ್ ಕಾಮ್ ನಿಜಕ್ಕೂ ಗೂಗಲ್‌ನದೇ ಹೆಸರು. ವಿಳಾಸ ಹಾಗೆ ಕಾಣುವಂತೆ ಮಾಡಿದ್ದರು, ಅಷ್ಟೇ. ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ವಾ, ಮೇಲ್‌ನಲ್ಲೂ ಹಾಗೆಯೇ. ಇದನ್ನು ಸ್ಪೂಫಿಂಗ್ ಅನ್ನುತ್ತಾರೆ. ಇನ್ನು ಒಕ್ಕಣೆ ಮತ್ತು ಮೇಲ್‌ನ ರೂಪ. ಗೂಗಲ್ ಕಳಿಸುವ ಅಸಲಿ ಎಚ್ಚರಿಕೆ ಮೇಲ್ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಅಂದರೆ ನಾವು ಜನರಿಗೆ ಕಲಿಸುವ ಗುರುತುಗಳಲ್ಲಿ ಬಹುಪಾಲು ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಈಗಂತೂ ಯಂತ್ರಗಳೇ ಒಳ್ಳೆಯ ಭಾಷೆಯಲ್ಲಿ ಬರೆದುಕೊಡುತ್ತವೆ. ಕಾಗುಣಿತ ನೋಡಿ ಕಳ್ಳರನ್ನು ಹಿಡಿಯುವ ಕಾಲ ಹೋಯಿತು ಅಂತಲೇ ನನ್ನ ಅನಿಸಿಕೆ.

ಗುಟ್ಟು ಇದ್ದದ್ದು ಬಟನ್‌ನ ಹಿಂದೆ. ಅದರೊಳಗೆ ಬಿಟ್ಲಿ ಎಂಬ ಸೇವೆಯ ಚಿಕ್ಕ ಲಿಂಕ್ ಇತ್ತು. ಉದ್ದದ ವಿಳಾಸವನ್ನು ನಾಲ್ಕಾರು ಅಕ್ಷರಕ್ಕೆ ಇಳಿಸಿಕೊಡುವ ಸೇವೆ ಅದು. ಗೂಗಲ್ ತನ್ನ ಪಾಸ್‌ವರ್ಡ್ ಪುಟಕ್ಕೆ ಇನ್ನೊಬ್ಬರ ಚಿಕ್ಕ ಲಿಂಕ್ ಯಾಕೆ ಹಾಕುತ್ತದೆ? ಈ ಪ್ರಶ್ನೆ ಬಂದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಟನ್ ಮೇಲೆ ಲಿಂಕ್ ಕಾಣುವುದಿಲ್ಲ. ಕಂಪ್ಯೂಟರಿನಲ್ಲಾದರೆ ಮೌಸನ್ನು ಅದರ ಮೇಲೆ ಇಟ್ಟು ಸುಮ್ನೆ ಕಾಯಬೇಕು. ಫೋನಿನಲ್ಲಾದರೆ ಬೆರಳನ್ನು ಒತ್ತಿ ಹಿಡಿಯಬೇಕು. ಅವಸರದಲ್ಲಿ ಇರುವವರು ಯಾರೂ ಹಾಗೆ ಮಾಡುವುದಿಲ್ಲ.

ಚಿಕ್ಕ ಲಿಂಕ್ ಕರೆದೊಯ್ಯುತ್ತಿದ್ದ ವಿಳಾಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರ ಶುರು ಹೀಗಿತ್ತು:

ಮೈಅಕೌಂಟ್.ಗೂಗಲ್.ಕಾಮ್-ಸೆಕ್ಯುರಿಟಿಸೆಟ್ಟಿಂಗ್‌ಪೇಜ್.ಟಿಕೆ/

ನಮ್ಮ ಕಣ್ಣು ಎಡದಿಂದ ಓದುತ್ತದೆ. ಮೈಅಕೌಂಟ್, ಗೂಗಲ್, ಕಾಮ್. ಅಷ್ಟಕ್ಕೇ ಮನಸ್ಸು ‘ಸರಿ’ ಅಂದುಬಿಡುತ್ತದೆ. ಆದರೆ ವೆಬ್ ವಿಳಾಸದ ಯಜಮಾನ ಯಾರು ಅನ್ನುವುದು ಬಲದಿಂದ ತಿಳಿಯುತ್ತದೆ. ಮೊದಲು ಸಿಗುವ ಒಂಟಿ ಓರೆಗೆರೆಯವರೆಗೆ (/) ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಇಲ್ಲಿ ಕೊನೆಗೆ ಟಿಕೆ ಇದೆ. ಅದು ಶಾಂತಸಾಗರದ ಟೊಕೆಲಾವ್ ಎಂಬ ಪುಟ್ಟ ದ್ವೀಪಗಳ ಡೊಮೇನ್ (ವೆಬ್ ವಿಳಾಸದ ಹೆಸರು). ಆ ಕಾಲದಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು, ಹಾಗಾಗಿ ಮೋಸಗಾರರಿಗೆ ಬಹಳ ಇಷ್ಟ. ಅದರ ಹಿಂದಿನ ತುಂಡು ‘ಕಾಮ್-ಸೆಕ್ಯುರಿಟಿಸೆಟ್ಟಿಂಗ್‌ಪೇಜ್’. ನಡುವೆ ಇರುವುದು ಚುಕ್ಕಿ ಅಲ್ಲ, ಅಡ್ಡಗೆರೆ. ಹಾಗಾಗಿ ಅದೆಲ್ಲ ಸೇರಿ ಒಂದೇ ಹೆಸರು. ಯಾರೋ ನೋಂದಾಯಿಸಿಕೊಂಡ ಹೆಸರು. ಅದರ ಎಡಕ್ಕಿರುವ ಮೈಅಕೌಂಟ್, ಗೂಗಲ್ ಎಲ್ಲ ಬರೀ ಅಲಂಕಾರ. ಆ ಹೆಸರನ್ನು ಕೊಂಡವರು ಅದರ ಮುಂದೆ ಏನು ಬೇಕಾದರೂ ಅಂಟಿಸಬಹುದು.

ಅಸಲಿ ವಿಳಾಸದಲ್ಲಿ ‘ಕಾಮ್’ ಆದ ಮೇಲೆ ಓರೆಗೆರೆ ಬರುತ್ತದೆ. ಇಲ್ಲಿ ಅಡ್ಡಗೆರೆ ಬಂದಿತ್ತು. ವ್ಯತ್ಯಾಸ ಅಷ್ಟೇ.

ಮತ್ತೆ ಲಕೋಟೆಯ ಮಾತಿಗೇ ಬರುತ್ತೇನೆ. ಮೊದಲ ಸಾಲಿನಲ್ಲಿ ಎಷ್ಟು ದೊಡ್ಡವರ ಹೆಸರು ಬರೆದರೂ ಕಾಗದ ಹೋಗುವುದು ಕೊನೆಯ ಸಾಲಿನ ಊರಿಗೆ. ವೆಬ್ ವಿಳಾಸವನ್ನೂ ಹಾಗೆಯೇ ಓದಿ. (ಕೆಲವು ದೇಶಗಳಲ್ಲಿ ‘ಕೋ.ಯುಕೆ’ ಥರ ಕೊನೆಯ ಭಾಗವೇ ಎರಡು ತುಂಡಾಗಿರುತ್ತದೆ. ಆಗ ಇನ್ನೊಂದು ತುಂಡು ಹಿಂದೆ ಹೋಗಬೇಕು.) ಬೀಗದ ಚಿಹ್ನೆ ಇದೆ ಎಂದು ನಂಬಬೇಡಿ. ನಿಮಗೂ ಆ ಸೈಟಿಗೂ ನಡುವೆ ನಡೆಯುವ ಮಾತನ್ನು ಬೇರೆಯವರು ಓದಲಾರರು ಅಂತ ಮಾತ್ರ ಬೀಗ ಹೇಳುತ್ತದೆ. ಆ ಸೈಟು ಕಳ್ಳನದೇ ಆಗಿದ್ದರೆ ನೀವು ಕಳ್ಳನ ಹತ್ತಿರವೇ ಗುಟ್ಟಾಗಿ ಮಾತಾಡುತ್ತಿದ್ದೀರಿ.

ಆ ವಿಳಾಸದ ಬಾಲದಲ್ಲಿ ಇನ್ನೂ ಒಂದಷ್ಟು ಅರ್ಥವಾಗದ ಅಕ್ಷರಗಳಿದ್ದವು. ಅವು ಸುಮ್ನೆ ಇದ್ದವಲ್ಲ. ಪೊಡೆಸ್ಟಾ ಅವರ ಮೇಲ್ ವಿಳಾಸವನ್ನೇ ಬೇರೊಂದು ಲಿಪಿಗೆ ತಿರುಗಿಸಿ ಅಲ್ಲಿ ಸೇರಿಸಿದ್ದರು. ಲಿಂಕ್ ತೆರೆದವರು ಯಾರು ಅನ್ನುವುದು ಕಳ್ಳರ ಪುಟಕ್ಕೆ ಮೊದಲೇ ಗೊತ್ತಾಗುತ್ತದೆ. ಲಾಗಿನ್ ಪುಟ ತೆರೆದಾಗ ನಿಮ್ಮ ವಿಳಾಸ ಅಲ್ಲಿ ಆಗಲೇ ತುಂಬಿದ್ದರೆ ನಿಮಗೆ ಅನುಮಾನ ಬರುತ್ತದಾ? ‘ಇದಕ್ಕೆ ನನ್ನ ಪರಿಚಯ ಇದೆ’ ಅಂತಲೇ ಅನಿಸುತ್ತದೆ.

ಆ ಬೆಳಗ್ಗೆ ನಡೆದದ್ದು

ಇಲ್ಲಿಂದ ಮುಂದಿನದೇ ನನ್ನನ್ನು ಜಾಸ್ತಿ ಕಾಡುವ ಭಾಗ. ಯಾಕೆಂದರೆ ಇವರು ಕಣ್ಣು ಮುಚ್ಚಿಕೊಂಡು ಒತ್ತಲಿಲ್ಲ. ಕೇಳಿದರು.

ಪೊಡೆಸ್ಟಾ ಅವರ ಮೇಲ್ ನೋಡಿಕೊಳ್ಳಲು ಸಿಬ್ಬಂದಿ ಇದ್ದರು. ಅವರಲ್ಲಿ ಹಿರಿಯರೊಬ್ಬರು ಈ ಮೇಲನ್ನು ಪ್ರಚಾರ ಕಚೇರಿಯ ಕಂಪ್ಯೂಟರ್ ಹೆಲ್ಪ್ ಡೆಸ್ಕ್‌ಗೆ ಕಳಿಸಿದರು. ಸರಿಯಾದ ಕೆಲಸ. ಅಲ್ಲಿಂದ ಅದೇ ಬೆಳಗ್ಗೆ ಉತ್ತರ ಬಂತು. ಇದು ಅಸಲಿ ಮೇಲ್, ಜಾನ್ ಕೂಡಲೇ ಪಾಸ್‌ವರ್ಡ್ ಬದಲಿಸಬೇಕು, ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಆನ್ ಆಗಿದೆಯಾ ನೋಡಬೇಕು, ಇದು ಆದಷ್ಟು ಬೇಗ ಆಗಲೇಬೇಕು ಎಂದು ಅದರಲ್ಲಿತ್ತು. ಜೊತೆಗೆ ಪಾಸ್‌ವರ್ಡ್ ಬದಲಿಸಲು ಗೂಗಲ್‌ನ ಅಸಲಿ ಪುಟದ ಲಿಂಕ್ ಕೂಡ ಕೊಟ್ಟಿದ್ದರು.

ಉತ್ತರ ಬರೆದವರು ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ್ದು ಹೀಗೆ: ಅದು ಮೋಸದ ಮೇಲ್ ಅಂತ ತನಗೆ ಗೊತ್ತಿತ್ತು, ‘ಅಸಲಿ ಅಲ್ಲ’ ಅನ್ನುವ ಅರ್ಥದ ಪದ ಟೈಪ್ ಮಾಡಬೇಕಿತ್ತು, ಮೊದಲ ಎರಡು ಅಕ್ಷರ ಬಿಟ್ಟುಹೋಯಿತು. ಇಂಗ್ಲಿಷಿನಲ್ಲಿ ಆ ಎರಡು ಅಕ್ಷರ ಬಿದ್ದುಹೋದರೆ ಅರ್ಥ ತಿರುವುಮುರುವು. ಆ ತಪ್ಪು ತನ್ನನ್ನು ಕಾಡುತ್ತಲೇ ಇದೆ ಎಂದೂ ಅವರು ಹೇಳಿಕೊಂಡರು.

ಉತ್ತರ ನೋಡಿದ ಹಿರಿಯ ಸಿಬ್ಬಂದಿ ಅದನ್ನು ಇನ್ನೊಬ್ಬರಿಗೆ ಕಳಿಸಿದರು. ಜಿಮೇಲ್‌ನದು ನಿಜವಂತೆ, ಬದಲಿಸಿಬಿಡು ಅಂತ. ಪೊಡೆಸ್ಟಾ ಅವರಿಗೆ ಟು-ಸ್ಟೆಪ್ ಇದೆಯಾ, ಇಲ್ಲ ಫೋನ್ ಮಾಡಿ ಅವರ ಜೊತೆಗೇ ಮಾಡಬೇಕಾ ಎಂದೂ ಕೇಳಿದರು. ಅವರು ತಮ್ಮದೇ ಇನ್‌ಬಾಕ್ಸ್ ತೆರೆಯಲಾಗದೆ ಸಿಕ್ಕಿಬೀಳಬಾರದು ಅನ್ನುವ ಚಿಂತೆ ಆ ಸಾಲಿನಲ್ಲಿದೆ. ಓದಿದಾಗ ಅಯ್ಯೋ ಅನಿಸುತ್ತದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡುತ್ತಿದ್ದಾರೆ.

ಆಮೇಲೆ ಬಟನ್ ಒತ್ತಲಾಯಿತು. ಹೆಲ್ಪ್ ಡೆಸ್ಕ್ ಕೊಟ್ಟ ಲಿಂಕ್ ಅಲ್ಲ, ಮೊದಲ ಮೇಲ್‌ನ ಬಟನ್. ಬಿಟ್ಲಿ ಇಟ್ಟಿದ್ದ ಲೆಕ್ಕದಲ್ಲಿ ಆ ಲಿಂಕ್ ಎರಡು ಸಲ ತೆರೆದಿತ್ತು.

ಈ ಪ್ರಕರಣವನ್ನು ಹೇಳುವವರು ಹೆಚ್ಚಾಗಿ ಬಿಟ್ಟುಹೋದ ಆ ಎರಡು ಅಕ್ಷರದ ಮೇಲೆಯೇ ಎಲ್ಲ ಭಾರ ಹಾಕುತ್ತಾರೆ. ಒಬ್ಬ ಹುಡುಗನ ಟೈಪಿಂಗ್ ತಪ್ಪಿನಿಂದ ಎಲ್ಲ ಹಾಳಾಯಿತು ಅಂತ. ನನಗೆ ಅದು ಅನ್ಯಾಯ ಅನಿಸುತ್ತದೆ. ಉತ್ತರದಲ್ಲಿ ಆ ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ಸರಿ. ಪಾಸ್‌ವರ್ಡ್ ಬದಲಿಸಿ ಅಂದದ್ದು ಸರಿ. ಟು-ಸ್ಟೆಪ್ ಹಾಕಿ ಅಂದದ್ದು ಸರಿ. ಕೊಟ್ಟ ಲಿಂಕ್ ಸರಿ. ಆ ಲಿಂಕಿನಿಂದ ಹೋಗಿದ್ದರೆ, ಮೇಲ್ ಅಸಲಿ ಅಂತ ಪೂರ್ತಿ ನಂಬಿಕೊಂಡು ಹೋಗಿದ್ದರೂ, ಏನೂ ಆಗುತ್ತಿರಲಿಲ್ಲ. ಬದಲಿಗೆ ಖಾತೆ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅವರು ಕೇಳಿದ್ದು ‘ಇದು ಅಸಲಿಯಾ?’ ಎಂದು. ಆ ಪ್ರಶ್ನೆಗೆ ಉತ್ತರ ತಪ್ಪಿ ಬರಬಹುದು. ಹೆಲ್ಪ್ ಡೆಸ್ಕ್ ತಪ್ಪಬಹುದು, ನಾನು ತಪ್ಪಬಹುದು, ಹತ್ತು ವರ್ಷ ಇದೇ ಕೆಲಸ ಮಾಡಿದವರೂ ತಪ್ಪಬಹುದು. ‘ನಾನು ಯಾವ ದಾರಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ?’ ಎಂದು ಕೇಳಿಕೊಂಡರೆ ಬೇರೆ ಯಾರ ಉತ್ತರಕ್ಕೂ ಕಾಯಬೇಕಿಲ್ಲ. ಮೇಲ್ ಏನೇ ಹೇಳಲಿ, ಬ್ರೌಸರ್ ತೆರೆದು, ವಿಳಾಸ ಕೈಯಾರೆ ಟೈಪ್ ಮಾಡಿ, ಇಲ್ಲವೇ ಮೊದಲೇ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ಹೋಗಬೇಕು. ಎಚ್ಚರಿಕೆ ನಿಜವಾಗಿದ್ದರೆ ಖಾತೆಯೊಳಗೂ ಅದು ಕಾಣುತ್ತದೆ. ಸುಳ್ಳಾಗಿದ್ದರೆ ಕಾಣುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನ ಮಟ್ಟಿಗೆ ಬಹಳ ದೊಡ್ಡದು. ಆ ಬೆಳಗ್ಗೆ ಅವರು ಮೇಲನ್ನು ಫಾರ್ವರ್ಡ್ ಮಾಡುತ್ತಾ ಹೋದರು. ಫಾರ್ವರ್ಡ್ ಮಾಡಿದ ಪ್ರತಿ ಸಲವೂ ಆ ಬಟನ್ ಜೀವಂತವಾಗಿಯೇ ಜೊತೆಗೆ ಹೋಯಿತು. ಕೊನೆಗೆ ಕೆಲಸ ಮಾಡಬೇಕಾದವರ ಕೈಗೆ ಬಂದ ಮೇಲ್‌ನಲ್ಲಿ ಎರಡು ಲಿಂಕ್ ಇದ್ದವು. ಒಂದು ಹೆಲ್ಪ್ ಡೆಸ್ಕ್‌ನದು, ಅದರ ಕೆಳಗೆ ಕಳ್ಳರದು. ಕಳ್ಳರದೇ ದೊಡ್ಡದಾಗಿ, ಬಟನ್ ಆಗಿ ಕಾಣುತ್ತಿತ್ತು. ಅಂಥ ಮೇಲ್ ಬಗ್ಗೆ ಯಾರನ್ನಾದರೂ ಕೇಳುವುದಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ. ಚಿತ್ರದಲ್ಲಿರುವ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಉತ್ತರ ಕೊಡುವವರು ನೀವಾಗಿದ್ದರೆ ಹಳೆಯ ಮೇಲ್‌ಗೆ ರಿಪ್ಲೈ ಮಾಡಬೇಡಿ. ಹೊಸ ಮೇಲ್ ಬರೆಯಿರಿ, ಇಲ್ಲ ಫೋನ್ ಮಾಡಿ. ನನ್ನ ಮನೆಯವರೂ ಸ್ನೇಹಿತರೂ ‘ಇದು ನಿಜಾನಾ?’ ಅಂತ ನನಗೆ ಮೆಸೇಜ್ ಫಾರ್ವರ್ಡ್ ಮಾಡುತ್ತಿದ್ದರು. ಈ ಪ್ರಕರಣ ಓದಿದ ಮೇಲೆ ಎಲ್ಲರಿಗೂ ಹೇಳಿದ್ದೇನೆ, ಚಿತ್ರ ಮಾತ್ರ ಕಳಿಸಿ ಅಂತ.

ಯಾರು, ಎಷ್ಟು ದೊಡ್ಡದಾಗಿ

2018ರ ಜುಲೈ 13ರಂದು ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುನ 12 ಅಧಿಕಾರಿಗಳ ಮೇಲೆ ಹೊರಿಸಿದ ಆರೋಪಪಟ್ಟಿಯನ್ನು ಹೊರಗಿಟ್ಟಿತು. ಅದರ ಪ್ರಕಾರ ಮಾರ್ಚ್ 19ರ ಆ ಮೇಲ್ ಕಳಿಸಿದ್ದು ಅವರೇ, ಮಾರ್ಚ್ 21ರ ಹೊತ್ತಿಗೆ 50,000ಕ್ಕೂ ಹೆಚ್ಚು ಮೇಲ್‌ಗಳನ್ನು ಕದ್ದದ್ದೂ ಅವರೇ. ರಷ್ಯಾ ಸರ್ಕಾರ ಇದನ್ನು ಅಲ್ಲಗಳೆಯುತ್ತಾ ಬಂದಿದೆ.

ಕಳ್ಳರ ಕೈಯಲ್ಲೂ ಒಂದು ತಪ್ಪು ಆಗಿತ್ತು. ಬಿಟ್ಲಿ ಖಾತೆಯನ್ನು ಖಾಸಗಿಯಾಗಿ ಇಟ್ಟಿರಲಿಲ್ಲ. ಸೆಕ್ಯೂರ್‌ವರ್ಕ್ಸ್ ಎಂಬ ಭದ್ರತಾ ಕಂಪನಿಯವರಿಗೆ ಅದು ಕಣ್ಣಿಗೆ ಬಿತ್ತು. ಅವರು ಕಲೆಹಾಕಿದ ಪಟ್ಟಿಯಲ್ಲಿ ಸುಮಾರು 19,000 ಲಿಂಕ್‌ಗಳಿದ್ದವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಾಡಿದ ಲಿಂಕ್‌ಗಳು. ಪೊಡೆಸ್ಟಾ ಅವರಿಗೆ ಬಿದ್ದ ಗಾಳ ಸಾವಿರಾರು ಜನರಿಗೂ ಬಿದ್ದಿತ್ತು. ಮೂರೇ ದಿನದ ನಂತರ, ಮಾರ್ಚ್ 22ರಂದು, ಅದೇ ಪ್ರಚಾರದ ಇನ್ನೊಬ್ಬ ಕೆಲಸಗಾರರಿಗೆ ಇಂಥದ್ದೇ ಮೇಲ್ ಬಂತು. ಅವರು ಆಗ ಹವಾಯಿಯಲ್ಲಿದ್ದರು, ಬೆಳಗಿನ ಜಾವ ನಾಲ್ಕು ಗಂಟೆ. ಅರೆನಿದ್ದೆಯಲ್ಲೇ ಬಟನ್ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟರು. ಏಪ್ರಿಲ್ 6ರಂದು ತಂತ್ರ ಬದಲಾಯಿತು. ಪ್ರಚಾರದಲ್ಲಿದ್ದ ಒಬ್ಬರ ಹೆಸರನ್ನೇ ಒಂದಕ್ಷರ ಬದಲಿಸಿ ಹೊಸ ಮೇಲ್ ಖಾತೆ ತೆರೆದು, 30ಕ್ಕೂ ಹೆಚ್ಚು ಸಹೋದ್ಯೋಗಿಗಳಿಗೆ ಒಂದು ಎಕ್ಸೆಲ್ ಕಡತದ ಲಿಂಕ್ ಕಳಿಸಿದರು ಎನ್ನುತ್ತದೆ ಆರೋಪಪಟ್ಟಿ. ಹೆದರಿಕೆಗೆ ಬಗ್ಗದವರು ಪರಿಚಯಕ್ಕೆ ಬಗ್ಗುತ್ತಾರೆ ಅಂತ ಲೆಕ್ಕ ಹಾಕಿರಬೇಕು.

ಪೊಡೆಸ್ಟಾ ಅವರ ಮೇಲ್‌ಗಳು ಅಕ್ಟೋಬರ್ 7ರಿಂದ ವಿಕಿಲೀಕ್ಸ್‌ನಲ್ಲಿ ಕಂತು ಕಂತಾಗಿ ಹೊರಬಂದವು. ನವೆಂಬರ್ 8ರ ಮತದಾನದವರೆಗೂ ಅದೇ ಸುದ್ದಿ. ರಾಜಕೀಯದ ಲೆಕ್ಕ ಇಲ್ಲಿ ಬೇಡ. ಒಂದು ವಿಷಯ ಮಾತ್ರ ಹೇಳುತ್ತೇನೆ. ಮೇಲ್ ಪೆಟ್ಟಿಗೆಯಲ್ಲಿ ಬೇರೆ ಖಾತೆಯ ಪಾಸ್‌ವರ್ಡ್ ಕೂಡ ಬಿದ್ದಿತ್ತು, ಸಿಬ್ಬಂದಿ ಎಂದೋ ಬರೆದು ಕಳಿಸಿದ್ದು. ಅಕ್ಟೋಬರ್ 12ರಂದು ಅವರ ಟ್ವಿಟರ್ ಖಾತೆಯೂ ಬೇರೆಯವರ ಕೈಗೆ ಹೋಯಿತು. ಮೇಲ್ ಅಂದರೆ ಮನೆಯ ಒಂದು ಕೋಣೆ ಅಲ್ಲ, ಉಳಿದೆಲ್ಲ ಕೀಲಿ ನೇತುಹಾಕುವ ಮೊಳೆ. ‘ಪಾಸ್‌ವರ್ಡ್ ಮರೆತಿರಾ?’ ಅಂತ ಎಲ್ಲಿ ಒತ್ತಿದರೂ ಉತ್ತರ ಬರುವುದು ಅಲ್ಲಿಗೇ ತಾನೇ.

ಏನಿದ್ದರೆ ಇದು ನಿಲ್ಲುತ್ತಿತ್ತು

ಟು-ಸ್ಟೆಪ್ ವೆರಿಫಿಕೇಶನ್ ಇದ್ದಿದ್ದರೆ ಬರೀ ಪಾಸ್‌ವರ್ಡ್ ಕದ್ದು ಒಳಗೆ ಬರುವುದು ಕಷ್ಟವಾಗುತ್ತಿತ್ತು. ನಿಮ್ಮ ಮೇಲ್ ಖಾತೆಗೆ ಅದು ಇನ್ನೂ ಇಲ್ಲದಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಹಾಕಿಕೊಳ್ಳಿ. ಆದರೆ ಫೋನಿಗೆ ಬರುವ ಆರಂಕಿಯ ಕೋಡ್ ಕೂಡ ಪೂರ್ತಿ ಕಾಪಾಡುವುದಿಲ್ಲ. ಇವತ್ತಿನ ಮೋಸದ ಪುಟಗಳು ಪಾಸ್‌ವರ್ಡ್ ತೆಗೆದುಕೊಂಡ ತಕ್ಷಣ ಕೋಡನ್ನೂ ಕೇಳುತ್ತವೆ. ನೀವು ಟೈಪ್ ಮಾಡಿದ್ದನ್ನು ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸುತ್ತವೆ.

ಇದಕ್ಕೂ ಬಗ್ಗದ್ದು ಸೆಕ್ಯುರಿಟಿ ಕೀ (ಲಾಗಿನ್‌ಗೆ ಬಳಸುವ ಪುಟ್ಟ ಸಾಧನ) ಮತ್ತು ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಅಂಥದ್ದೇ ಕೀಲಿ). ಇವು ಕೆಲಸ ಮಾಡುವ ರೀತಿ ನನಗೆ ಬಹಳ ಮೆಚ್ಚುಗೆ. ಕೀ ತನ್ನನ್ನು ಯಾವ ಡೊಮೇನ್‌ಗೆ ನೋಂದಾಯಿಸಿದ್ದಾರೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಓರೆಗೆರೆಯ ಜಾಗದಲ್ಲಿ ಅಡ್ಡಗೆರೆ ಬಂದಿದ್ದನ್ನು ನಮ್ಮ ಕಣ್ಣು ತಪ್ಪಿಸಿಕೊಳ್ಳಬಹುದು, ಕೀ ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೆ ಪುಟದ ಬಣ್ಣ, ಲೋಗೋ ಯಾವುದೂ ಕಾಣುವುದೇ ಇಲ್ಲ, ಹೆಸರು ಮಾತ್ರ. ಗೂಗಲ್ ತನ್ನ 85,000ಕ್ಕೂ ಹೆಚ್ಚು ಉದ್ಯೋಗಿಗಳಿಗೆ 2017ರ ಆರಂಭದಿಂದ ಇಂಥ ಕೀ ಕಡ್ಡಾಯ ಮಾಡಿತು. ಅಲ್ಲಿಂದ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ ಬಲಿಯಾಗಿಲ್ಲ ಎಂದು 2018ರಲ್ಲಿ ಹೇಳಿತು. ಪಾಸ್‌ವರ್ಡ್ ಮ್ಯಾನೇಜರ್ ಕೂಡ ಇದೇ ಜಾತಿಯ ಸಹಾಯ ಮಾಡುತ್ತದೆ. ದಿನಾ ತಾನಾಗಿ ತುಂಬುವ ಪಾಸ್‌ವರ್ಡನ್ನು ಇವತ್ತು ತುಂಬಲಿಲ್ಲ ಅಂದರೆ, ‘ಏನೋ ಕೆಟ್ಟಿದೆ’ ಎಂದು ಕೈಯಾರೆ ಟೈಪ್ ಮಾಡಬೇಡಿ. ನಿಂತು ವಿಳಾಸ ನೋಡಿ.

ಮಾರ್ಚ್ 19ಕ್ಕೂ 21ಕ್ಕೂ ನಡುವೆ ಎರಡು ದಿನ ಇತ್ತು. ಆ ಎರಡು ದಿನದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒತ್ತಿದ ಮೇಲೂ ಅಸಲಿ ಪುಟಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿದ್ದರೆ ಕದ್ದದ್ದು ಕೆಲಸಕ್ಕೆ ಬಾರದೆ ಹೋಗಬಹುದಿತ್ತು. ಆದರೆ ಈ ಮೋಸದ ಕೆಟ್ಟತನ ಇರುವುದೇ ಇಲ್ಲಿ. ‘ಪಾಸ್‌ವರ್ಡ್ ಬದಲಿಸಿ’ ಅಂದರು, ಬದಲಿಸಿದಂತೆಯೇ ಆಯಿತು. ಕೆಲಸ ಮುಗಿಯಿತು ಅನ್ನುವ ನೆಮ್ಮದಿಯನ್ನೂ ಕೊಟ್ಟುಹೋಗುತ್ತದೆ. ಹಾಗಾದ ಮೇಲೆ ಯಾರು ತಾನೇ ಮತ್ತೆ ಹೋಗಿ ನೋಡುತ್ತಾರೆ?

ಹಾಗಾಗಿ ಯಾವುದೇ ಮೇಲ್‌ನ ಲಿಂಕಿನಿಂದ ಹೋಗಿ ಪಾಸ್‌ವರ್ಡ್ ಕೊಟ್ಟ ನೆನಪಿದ್ದರೆ, ಅನುಮಾನ ಸಣ್ಣದಿದ್ದರೂ, ನಿಮ್ಮದೇ ದಾರಿಯಿಂದ ಖಾತೆಗೆ ಹೋಗಿ ಮತ್ತೆ ಬದಲಿಸಿ. ನಾಚಿಕೆ ಬೇಡ, ತಡ ಮಾತ್ರ ಮಾಡಬೇಡಿ. ಅಲ್ಲೇ ಭದ್ರತೆಯ ಪುಟದಲ್ಲಿ ಯಾವ ಯಾವ ಸಾಧನಗಳಲ್ಲಿ ಲಾಗಿನ್ ಆಗಿದೆ ಎಂದು ತೋರಿಸುತ್ತದೆ. ಗುರುತಿಲ್ಲದ್ದನ್ನೆಲ್ಲ ಹೊರಹಾಕಿ. ಆಮೇಲೆ ಜನ ಮರೆಯುವ ಎರಡು ಜಾಗ ನೋಡಿ. ಒಂದು, ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ತಾನಾಗಿ ಕಳಿಸುವ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳು. ಕಳ್ಳರು ಅಲ್ಲೊಂದು ನಿಯಮ ಇಟ್ಟುಹೋದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಮೇಲ್ ಅವರಿಗೆ ಹೋಗುತ್ತಲೇ ಇರುತ್ತದೆ. ಇನ್ನೊಂದು, ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಮತ್ತು ಇನ್ನೊಂದು ಮೇಲ್ ವಿಳಾಸ. ಅವು ನಿಮ್ಮವೇನಾ, ಒಂದೊಂದು ಅಕ್ಷರವನ್ನೂ ಓದಿ ನೋಡಿ.